ಕಡಗೋಲು ಮತ್ತು ಹೆಜ್ಜೆ ಎಣಿಸುವ ವಾಚು

ಡಾಕ್ಟರು ದಿನಾ ನಡೆಯಲು ಹೇಳಿದರೆಂದು ಚಂಪಕ್ಕನ ಕೈಗೆ ಮಗಳು ಹೆಜ್ಜೆ ಎಣಿಸುವ ವಾಚು ಕಟ್ಟಿದ್ದಳು. ಚಂಪಕ್ಕ ಮಣೆಯ ಮೇಲೆ ಕೂತು, ಹಗ್ಗ ಎಳೆದೆಳೆದು ಮೊಸರು ಕಡೆದರು. ವಾಚು ಹಿಗ್ಗಿ, “ಭೇಷ್, ನಾಲ್ಕು ಸಾವಿರ ಹೆಜ್ಜೆ ಆಯಿತು” ಎಂದಿತು.

“ಅವರು ಮಣೆಯಿಂದ ಎದ್ದೇ ಇಲ್ಲವಲ್ಲ, ಸ್ವಾಮಿ” ಎಂದಿತು ಕಡಗೋಲು.

“ಕೈ ಬೀಸಿದರೆ ಅದು ನಡಿಗೆಯೇ. ನನ್ನ ಲೆಕ್ಕ ತಪ್ಪುವುದಿಲ್ಲ. ನಿನಗೆ ಎಣಿಸಲು ಬರುತ್ತದೆಯೇ?”

“ಇಲ್ಲ. ಬೆಣ್ಣೆ ಬಂದದ್ದು ಗೊತ್ತಾಗುತ್ತದೆ, ಅಷ್ಟೆ.”

ಬೆಣ್ಣೆ ಬಂತು. ಜಿಡ್ಡು ತಾಗೀತೆಂದು ಚಂಪಕ್ಕ ವಾಚನ್ನು ಬಿಚ್ಚಿ ಗೂಡಿನಲ್ಲಿಟ್ಟರು. ಬೆಣ್ಣೆಮುದ್ದೆ ಹಿಡಿದು ಊರಾಚೆಯ ಗೆಳತಿಯ ಮನೆಗೆ ನಡೆದೇ ಹೊರಟರು.

ಒಂದು ಗಂಟೆ ಕಳೆದ ಮೇಲೆ ವಾಚು ಗದರಿತು: “ಬಹಳ ಹೊತ್ತು ಕೂತಿದ್ದೀರಿ. ಎದ್ದು ಸ್ವಲ್ಪ ನಡೆಯಿರಿ.”

ಖಾಲಿ ಅಡುಗೆಮನೆಯಲ್ಲಿ ಕಡಗೋಲು ಕೇಳಿತು: “ಹೇಳಿದ್ದು ನನಗೋ, ಸ್ವಾಮಿ?”