ಗರ್ಜನೆ ಬಿಟ್ಟ ಲಾರಿ

ಹಳೆಯ ಲಾರಿಯೊಂದರ ಮಸಿಗಟ್ಟಿ ತೂತುಬಿದ್ದ ಸೈಲೆನ್ಸರನ್ನು ಮೇಸ್ತ್ರಿ ದಾವಲಸಾಬರು ಬಿಚ್ಚಿ, ಅಗಲವಾದ ಹೊಸದನ್ನು ಕೂರಿಸಿದರು. ಲಾರಿಯ ಗರ್ಜನೆ ನಿಂತುಹೋಯಿತು.

"ಇನ್ನು ನನಗೆ ದಾರಿ ಬಿಡುವವರು ಯಾರು?" ಎಂದು ಲಾರಿ ಮರುಗಿತು.

"ಒಮ್ಮೆ ಘಾಟಿ ಹತ್ತಿ ನೋಡಿ," ಎಂದಿತು ಹೊಸ ಸೈಲೆನ್ಸರ್.

ಮರುದಿನ ಲಾರಿ ಬೆಲ್ಲದ ಲೋಡು ಹೊತ್ತು ಘಾಟಿ ಏರಿತು. ಹೊಗೆ ಸರಾಗವಾಗಿ ಹೊರಹೋಗುತ್ತಿದ್ದುದರಿಂದ ಎಂಜಿನ್ ಹಗುರಾಗಿತ್ತು. ಪ್ರತಿ ಸಲ ಉಸಿರುಕಟ್ಟಿ ನಿಲ್ಲುತ್ತಿದ್ದ ಮೂರನೇ ತಿರುವನ್ನು ಈ ಸಲ ನಿಲ್ಲದೆ ದಾಟಿತು. ಮುಂದೆ ಅಬ್ಬರಿಸುತ್ತ ತೆವಳುತ್ತಿದ್ದ ಎಳೆಯ ಲಾರಿಯೊಂದನ್ನೂ ಹಿಂದೆ ಹಾಕಿತು.

"ಅಜ್ಜಾ, ನೀವು ಬಂದದ್ದು ಕೇಳಿಸಲೇ ಇಲ್ಲವಲ್ಲ!" ಎಂದು ಎಳೆಯ ಲಾರಿ ಬೆರಗಾಯಿತು.

ಹಳೆಯ ಲಾರಿ ಹೆಮ್ಮೆಯಿಂದ ಹೇಳಿತು: "ಕೂಗುವುದಕ್ಕೆ ಖರ್ಚಾಗುತ್ತಿದ್ದ ಉಸಿರೆಲ್ಲ ಈಗ ಏರುವುದಕ್ಕೆ ಸಿಗುತ್ತಿದೆ, ಮಗೂ."