ಬಾವಿಗಳ ಬಾಯಿ ಮುಚ್ಚಿಸಲು ಹೋದ ಹುಂಜ

ಹುಂಜ ಕೂಗುವ ಮೊದಲೇ ಸೂರ್ಯ ಹುಟ್ಟಿಬಿಟ್ಟರೆ ಏನಾಗುತ್ತದೆ, ಹೇಳಿ ನೋಡೋಣ? ಹೊಳೆಯಲಿಲ್ಲವೇ? ಬಿಡಿ, ನಾನೇ ಹೇಳಿಬಿಡುತ್ತೇನೆ.

ಸೂರ್ಯನನ್ನು ಎಬ್ಬಿಸುವವನು ತಾನೇ ಎಂದು ಮೆರೆಯುತ್ತಿದ್ದ ಹುಂಜ ಒಂದು ದಿನ ಹೊತ್ತೇರುವವರೆಗೂ ನಿದ್ದೆ ಹೊಡೆಯಿತು. ಹೇಂಟೆಗಳು ಆ ಸುದ್ದಿಯನ್ನು ಹಿತ್ತಲ ಗೋಡೆಯ ಮೇಲೆ ಗೀಚಿದವು. ಗೋಡೆಯ ಯಜಮಾನಿಕೆ ಹುಂಜದ್ದೇ ತಾನೇ, ಒಂದೇ ಏಟಿಗೆ ಕೆರೆದು ಅಳಿಸಿತು. ಅಷ್ಟರಲ್ಲಿ ಒಂದು ಹೇಂಟೆ ಬಾವಿಯ ಕಪ್ಪೆಗೂ ಹೇಳಿಯಾಗಿತ್ತು. ಊರಿಗೆ ಐದು ಬಾವಿ. ಒಂದು ಬಾವಿಯಲ್ಲಿ ವಟಗುಟ್ಟಿದ್ದನ್ನು ಪಕ್ಕದ ಬಾವಿ ಕೇಳಿ, ನೆನಪಿಟ್ಟುಕೊಂಡು, ಮುಂದಿನದಕ್ಕೆ ದಾಟಿಸುವುದು ಕಪ್ಪೆಗಳ ಪದ್ಧತಿ.

ಹುಂಜ ಮೊದಲ ಬಾವಿಗೆ ಓಡಿತು. “ಎಲವೋ ಕಪ್ಪೆ, ನಿಮ್ಮೆಲ್ಲರ ಯಜಮಾನನನ್ನು ಕರೆ! ಆ ಸುದ್ದಿ ಅಳಿಸಬೇಕು!”

“ಬಾವಿಗೊಬ್ಬ ಯಜಮಾನ, ಸ್ವಾಮಿ. ಇಲ್ಲಿ ಅಳಿಸಿದ್ದೇನೆ. ತಮ್ಮ ಅಪ್ಪಣೆಯನ್ನು ಪಕ್ಕದ ಬಾವಿಗೂ ದಾಟಿಸಿದ್ದೇನೆ.”

ಏದುಸಿರು ಬಿಡುತ್ತ ಹುಂಜ ಐದನೆಯ ಬಾವಿ ಮುಟ್ಟಿದಾಗ ಮುದಿ ಕಪ್ಪೆಯೊಂದು ಕೈಮುಗಿಯಿತು.

“ಬನ್ನಿ ಸ್ವಾಮಿ! ಸೂರ್ಯ ತಾನಾಗಿಯೇ ಹುಟ್ಟಿದನೆಂದಾಗ ನಾವು ಗಾಳಿಮಾತು ಎಂದುಕೊಂಡಿದ್ದೆವು. ಅಳಿಸಿರೆಂದು ತಾವೇ ಹೇಳಿಕಳಿಸಿದ ಮೇಲೆ ನಂಬಿಕೆ ಬಂತು. ನಾಳೆಯಿಂದ ತಾವು ಹಾಯಾಗಿ ಮಲಗಿ.”

ಕಟ್ಟುಕಥೆ ಎನ್ನಬೇಡಿ, ತಾರೀಖನ್ನೂ ಹೇಳುತ್ತೇನೆ: ಇಷ್ಟೂ ನಡೆದದ್ದು ೧೯೯೮ರ ಜುಲೈ ಹದಿನಾಲ್ಕು, ಮಂಗಳವಾರ.