ಹಗೇವಿನ ಒಗಟು

"ಗುರುಗಳೇ, ಗೆಳೆಯರು ಕೂಡಿ ಒಗಟು ಬಿಡಿಸುವುದು ಬುದ್ಧಿಗೆ ಸಾಣೆ ಹಿಡಿದ ಹಾಗಲ್ಲವೆ?" ಎಂದು ಶಿಷ್ಯ ಕೇಳಿದ. "ನೇರವಾಗಿ ಯೋಚಿಸಿದರೆ ಉತ್ತರ ಸಿಗದ ಒಗಟುಗಳು ಅವು. ನಾವು ಏನು ಕೇಳಿದರೂ ಒಗಟು ಹಾಕಿದವರು ಹೌದು, ಇಲ್ಲ ಎಂದಷ್ಟೇ ಹೇಳುತ್ತಾರೆ. ನಿನ್ನೆ ಎಲ್ಲರಿಗಿಂತ ಮೊದಲು ಬಿಡಿಸಿದವನು ನಾನೇ."

ಗುರುಗಳು ಹುಬ್ಬು ಗಂಟಿಕ್ಕಿದರು. "ಕೂತುಕೋ" ಎಂದು ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ಜೋಳವೆಲ್ಲ ಹಗೇವುಗಳಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜಗಳಲ್ಲಿ ಇತ್ತು. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಟ್ಟು ವಿಷವಾಗುತ್ತದೆ. ಅದಕ್ಕೇ ಬಾಯಿ ತೆರೆದ ದಿನ ಅದರೊಳಗೆ ಯಾರೂ ಇಳಿಯುವುದಿಲ್ಲ. ಮರುದಿನ ಹಗ್ಗಕ್ಕೆ ಕಟ್ಟಿ ದೀಪ ಇಳಿಸುತ್ತಾರೆ. ದೀಪ ಉರಿಯುತ್ತಿದ್ದರೆ ಮಾತ್ರ ಆಳು ಇಳಿಯುತ್ತಾನೆ.

ಆ ವರ್ಷ ಜೋಳದ ಬೆಲೆ ಏರಿತ್ತು. ಗಾಡಿಗಳು ಕಾದು ನಿಂತಿದ್ದವು. "ದೀಪವೂ ಬೇಡ, ಗೀಪವೂ ಬೇಡ, ಇಳಿಯಿರಿ" ಎಂದ ವ್ಯಾಪಾರಿ. ಮೊದಲ ಹಗೇವಿಗೆ ಇಳಿದ ಆಳು ಹೆಣವಾಗಿ ಮೇಲೆ ಬಂದ.

ಕೆಲವು ದಿನಗಳ ಮೇಲೆ ಎರಡನೆಯ ಹಗೇವು ತೆಗೆಸಿದ. ಅದೇ ಹೊತ್ತಿಗೆ ಪೇಟೆಯ ಗೆಳೆಯರು ವ್ಯಾಪಾರಿಯ ಜಗಲಿಯಲ್ಲಿ ಕೂತು ಎಲೆಅಡಿಕೆ ಮೆಲ್ಲುತ್ತಿದ್ದರು. ವ್ಯಾಪಾರಿ ಅವರಿಗೆ ಒಗಟು ಹಾಕಿದ.

"ಒಬ್ಬ ಗಟ್ಟಿಮುಟ್ಟಾದ ಆಳು ಜೋಳದ ಕುಣಿಗೆ ಇಳಿದ, ಸತ್ತ. ಹಾವು ಕಚ್ಚಲಿಲ್ಲ, ಯಾರೂ ಹೊಡೆಯಲಿಲ್ಲ. ಹೇಗೆ ಸತ್ತ?"

"ಕುಡಿದಿದ್ದನೇನಯ್ಯ?"

"ಇಲ್ಲ."

"ಹಸಿ ಜೋಳ ಮುಕ್ಕಿ ಹೊಟ್ಟೆ ಒಡೆದುಕೊಂಡನೋ?"

ಎಲ್ಲರೂ ನಕ್ಕರು. ಅಷ್ಟರಲ್ಲಿ ಸತ್ತವನ ತಾಯಿ ಓಡಿ ಬಂದು ಅಂಗಳದಲ್ಲಿ ನಿಂತಳು.

"ಧಣೀ, ನನ್ನ ಇನ್ನೊಬ್ಬ ಮಗನನ್ನೂ ದೀಪ ಇಳಿಸದೆ ಇಳಿಸುತ್ತಿದ್ದಾರೆ. ಬೇಡ ಅಂತ ನೀವು ಒಂದು ಮಾತು ಹೇಳಿ."

"ತಡಿಯವ್ವ, ಇನ್ನೇನು ಒಗಟು ಬಿಡಿಸಿಯೇ ಬಿಡುತ್ತಾರೆ" ಎಂದ ವ್ಯಾಪಾರಿ.

ಗೆಳೆಯನೊಬ್ಬ ತೊಡೆ ತಟ್ಟಿಕೊಂಡ. "ದೀಪ ಇಳಿಸಿದ್ದರೆ ಆರುತ್ತಿತ್ತೋ?"

"ಹೌದು!"

"ಹಾಗಾದರೆ ಕುಣಿಯ ಗಾಳಿಯೇ ಅವನನ್ನು ಕೊಂದಿತು!"

ಎಲ್ಲರೂ ಚಪ್ಪಾಳೆ ತಟ್ಟಿದರು. ವ್ಯಾಪಾರಿ ಗೆದ್ದವನಿಗೆ ತನ್ನ ಕೈಯಾರೆ ವೀಳ್ಯ ಮಡಿಸಿಕೊಟ್ಟ. ತಾಯಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಹಗೇವಿನ ಕಡೆ ಓಡಿದಳು. ಅಲ್ಲಿ ಹಗ್ಗ ಹಿಡಿದು ನಿಂತಿದ್ದವನು ಒಬ್ಬ ಮುದುಕ. ಮಗ ಆಗಲೇ ಒಳಗಿದ್ದ, ಕೂಗಿದರೆ ಓಗೊಡುತ್ತಿರಲಿಲ್ಲ. ಇಬ್ಬರೂ ಸೇರಿ ಎಳೆದರು. ಅಂಗೈ ಸುಲಿದು ರಕ್ತ ಬಂತು. ಆ ದೊಡ್ಡ ಆಳನ್ನು ಎತ್ತಲು ಅವರ ಬಲ ಸಾಲಲಿಲ್ಲ. ಜಗಲಿಯವರನ್ನು ಕೂಗಿ ಕೂಗಿ ಅವಳ ಗಂಟಲು ಬಿದ್ದುಹೋಯಿತು. ಅಲ್ಲಿ ಎರಡನೆಯ ಒಗಟು ಶುರುವಾಗಿತ್ತು. ಅವಳ ಎರಡನೆಯ ಮಗನೂ ಸತ್ತ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡವರಿಸಿದ.

"ಪೇಟೆಯವರದೇನು ತಪ್ಪು, ಗುರುಗಳೇ? ಅವರಿಗೆ ಹಗೇವಿನ ವಿಷಯ ಗೊತ್ತಿರಲಿಲ್ಲವಲ್ಲ."

"ಬಿಡಿಸಿದ ಮೇಲೆ ಗೊತ್ತಾಯಿತಲ್ಲ, ಎದ್ದವರು ಯಾರು?"